ಕಾರ್ ಶೆಡ್ ಸ್ಟುಡಿಯೊ ಆಗಬೇಕಾ? ಫೋಮ್, ಗೋಡೆ, ಕೋಣೆಯೊಳಗೆ ಕೋಣೆ: ಯಾವುದು ಯಾರಿಗೆ

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಆನ್‌ಲೈನ್‌ನಲ್ಲಿ ಕಪ್ಪು ಫೋಮ್ ಹಾಳೆ ತರಿಸಿ ಶೆಡ್ಡಿನ ಮೂರು ಗೋಡೆಗೂ ಅಂಟಿಸಿದೆ. ನೋಡೋಕೆ ಥೇಟ್ ಸ್ಟುಡಿಯೊ. ಸಂಜೆ ಶಟರ್ ಎಳೆದು ಮೃದಂಗ ಪಾಠ ಶುರು ಮಾಡಿದೆ. ಮಾರನೇ ದಿನ ಹಾಲು ತರೋಕೆ ಹೊರಟಾಗ ಎದುರುಮನೆ ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು. "ಏನ್ ಮೇಷ್ಟ್ರೇ, ನಿನ್ನೆ ಮುಕ್ಕಾಲು ಗಂಟೆ ಬರೀ ತಕಿಟ ತಕಧಿಮಿನೇ ಆಯ್ತಲ್ಲ, ಆ ಹುಡುಗನಿಗೆ ಹತ್ತಲಿಲ್ವಾ?" ಅಂದರು.

ರಸ್ತೆ ದಾಟಿ, ಜಗುಲಿ ದಾಟಿ, ಸೊಲ್ಲು ಬಿಡಿಬಿಡಿಯಾಗಿ ಕೇಳಿಸಿದೆ ಅಂದಮೇಲೆ ಇನ್ನೇನು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು ನನ್ನ ಫೋಮ್.

ತಪ್ಪು ಫೋಮಿನದಲ್ಲ, ನನ್ನದು. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಳಗಿನ ಸದ್ದು ಹೊರಗೆ ಹೋಗದ ಹಾಗೆ ತಡೆಯೋದು ಒಂದು. ಒಳಗಿನ ಮಾರ್ದನಿ ಕಮ್ಮಿ ಮಾಡಿ ರೆಕಾರ್ಡಿಂಗ್ ಚೆನ್ನಾಗಿ ಬರೋ ಹಾಗೆ ಮಾಡೋದು ಇನ್ನೊಂದು. ಮೊದಲನೆಯದಕ್ಕೆ ತೂಕ ಬೇಕು, ಸಂದು ಮುಚ್ಚಬೇಕು. ಎರಡನೆಯದಕ್ಕೆ ಮೆತ್ತಗಿನ, ನಾರುನಾರಾದ, ದಪ್ಪ ವಸ್ತು ಬೇಕು. ಒಂದರ ಸಾಮಾನು ತಾನೊಂದೇ ಇನ್ನೊಂದರ ಕೆಲಸ ಮಾಡೋದಿಲ್ಲ. ಮೊಟ್ಟೆ ಟ್ರೇ, ಥರ್ಮೊಕೋಲ್ ಎರಡಕ್ಕೂ ಕೆಲಸಕ್ಕೆ ಬಾರದು. ಮೇಲಾಗಿ ಬೇಗ ಹತ್ತಿ ಉರಿಯುತ್ತವೆ. ಅವನ್ನು ಇಲ್ಲಿಗೇ ಬಿಡೋಣ.

ಮೊದಲು ಕೇಳಿಕೊಳ್ಳಬೇಕಾದ್ದು: ಯಾವ ವಾದ್ಯ, ಯಾರ ಕಿವಿ

ನಮ್ಮದು ಮೈಸೂರಿನಲ್ಲಿ 30x40 ಸೈಟಿನ ಮನೆ. ಶೆಡ್ 10 ಅಡಿ ಅಗಲ, 20 ಅಡಿ ಉದ್ದ, 10 ಅಡಿ ಎತ್ತರ. ಮೂರು ಕಡೆ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಮೇಲೆ ಆರ್‌ಸಿಸಿ ತಾರಸಿ, ಮುಂದೆ ರೋಲಿಂಗ್ ಶಟರ್. ತಾರಸಿಯ ಮೇಲೆ ಅಮ್ಮನ ರೂಮು. ಇಂಥ ಶೆಡ್ ನಮ್ಮ ಕಡೆ ಸಾವಿರಾರು ಇರಬಹುದು, ಹಾಗಾಗಿ ಇದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ನನ್ನ ಫೋನಿನ ಆ್ಯಪ್ ಹಿಡಿದು ನೋಡಿದಾಗ ಶೆಡ್ಡಿನೊಳಗೆ ಮೃದಂಗ 90ರ ಆಚೀಚೆ ತೋರಿಸುತ್ತಿತ್ತು. ಡ್ರಮ್ ಸೆಟ್ ಆದರೆ 100 ದಾಟಿ 110ರವರೆಗೂ ಹೋಗುತ್ತೆ. ಕಳೆಯೋ ಲೆಕ್ಕ ಸುಲಭ. ರಾತ್ರಿ ಮೃದಂಗ ಬಾರಿಸೋಕೆ 45 ಡೆಸಿಬೆಲ್ ತಡೆಯಬೇಕು. ಡ್ರಮ್ಸ್‌ಗೆ 60ರ ಮೇಲೆ ಬೇಕು. ಈ 15ರ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಕೆಲಸದಲ್ಲಿ ಅದು ಗಾರೆ ಮೇಸ್ತ್ರಿ ವಾರದಲ್ಲಿ ಮುಗಿಸುವ ಗೋಡೆಗೂ ತಿಂಗಳುಗಟ್ಟಲೆ ಎಳೆಯುವ ಕೆಲಸಕ್ಕೂ ಇರುವ ವ್ಯತ್ಯಾಸ.

ಇನ್ನೊಂದು ವಿಷಯ. ಮೃದಂಗ ಇರೋದು ತೊಡೆ ಮೇಲೆ. ವೀಣೆ, ಪಿಟೀಲು, ಹಾಡಿಕೆಯ ಸದ್ದೂ ಗಾಳಿಯಲ್ಲೇ ಹೋಗುತ್ತೆ. ಡ್ರಮ್ ಸೆಟ್ಟಿನ ಕಿಕ್ ಪೆಡಲ್ ನೆಲವನ್ನೇ ಗುದ್ದುತ್ತೆ. ಆ ಗುದ್ದು ನೆಲದಿಂದ ಗೋಡೆಗೆ, ಗೋಡೆಯಿಂದ ತಾರಸಿಗೆ ಹತ್ತುತ್ತೆ. ಅದನ್ನು ಬಾಗಿಲು ಹಾಕಿ ತಡೆಯೋಕಾಗೋದಿಲ್ಲ. ಚೆಂಡೆ, ನಾದಸ್ವರದವರು ನೆಲ ಗುದ್ದದಿದ್ದರೂ ಸದ್ದಿನ ಲೆಕ್ಕದಲ್ಲಿ ಡ್ರಮ್ಸ್ ಸಾಲಿಗೇ ಸೇರುತ್ತಾರೆ.

ಊದುಬತ್ತಿ ಪರೀಕ್ಷೆ

ದುಡ್ಡು ಖರ್ಚು ಮಾಡೋ ಮುಂಚೆ ಒಂದು ರಾತ್ರಿ ಈ ಕೆಲಸ ಮಾಡಿ. ಶೆಡ್ಡಿನೊಳಗೆ ಟ್ಯೂಬ್‌ಲೈಟ್ ಹಾಕಿ, ಶಟರ್ ಪೂರ್ತಿ ಇಳಿಸಿ, ಬೀದಿಗೆ ಬಂದು ನಿಂತು ನೋಡಿ. ನಮ್ಮ ಶಟರಿನ ಕೆಳಗೆ ಉದ್ದಕ್ಕೂ ಒಂದು ಬೆಳಕಿನ ಗೆರೆ ಇತ್ತು. ಎರಡು ಪಕ್ಕದ ಪಟ್ಟಿಯಲ್ಲೂ ಬೆಳಕು. ಮೇಲೆ ಶಟರ್ ಸುತ್ತಿಕೊಳ್ಳುವ ಕಡೆಯಂತೂ ಕೈ ತೂರಿಸುವಷ್ಟು ಜಾಗ. ಆಮೇಲೆ ಒಳಗೆ ಹೋಗಿ ಊದುಬತ್ತಿ ಹಚ್ಚಿ ಗೋಡೆಯಂಚು, ಬಾಗಿಲು, ಕಿಟಕಿ, ವೈರಿಂಗ್ ಪೈಪು ಹಾದುಹೋದ ತೂತು ಎಲ್ಲ ಕಡೆ ಹಿಡಿದು ನೋಡಿ. ಹೊಗೆ ಎಲ್ಲಿ ಬಾಗುತ್ತೋ ಅಲ್ಲಿ ಗಾಳಿ ಆಡುತ್ತಿದೆ. ಗಾಳಿ ಆಡೋ ಕಡೆ ಸದ್ದೂ ಹೋಗುತ್ತೆ.

8 ಅಡಿ ಅಗಲದ ಶಟರ್ ಕೆಳಗೆ ಅರ್ಧ ಇಂಚು ಸಂದಿದೆ ಅಂದುಕೊಳ್ಳಿ. ಆ ಮುಂಭಾಗ ಒಟ್ಟು 80 ಚದರ ಅಡಿ. ಸಂದಿನ ಪಾಲು ಅದರಲ್ಲಿ ಸುಮಾರು 0.4 ಪರ್ಸೆಂಟ್. ಇಷ್ಟೇ ಸಾಕು, ಉಳಿದದ್ದೆಲ್ಲ ಕೋಟೆ ಗೋಡೆಯೇ ಆಗಿದ್ದರೂ ಆ ಮುಂಭಾಗ 24 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋದಿಲ್ಲ. ಉಳಿದ ಮೂರು ಗೋಡೆಗೆ, ಎರಡೂ ಕಡೆ ಪ್ಲಾಸ್ಟರ್ ಆಗಿದ್ದರೆ, 45ರಿಂದ 50 ತಡೆಯುವ ಶಕ್ತಿ ಆಗಲೇ ಇದೆ. ನಾನು ಫೋಮ್ ಅಂಟಿಸಿದ್ದು ಆ ಮೂರಕ್ಕೇ! ಶಟರನ್ನು ಮುಟ್ಟಿರಲಿಲ್ಲ.

ಶಟರ್ ಜಾಗಕ್ಕೆ ಏನು

ಮುಕ್ಕಾಲು ಪಾಲು ಜನರ ಸಮಸ್ಯೆ ತೀರೋದು ಇಲ್ಲೇ. ದಾರಿಗಳು ಮೂರು.

ಶಟರ್ ಉಳಿಸಿಕೊಂಡು ಒಳಗೆ ದಪ್ಪ ಪರದೆ ಅಥವಾ ಮಾರುವವರು ಹೇಳುವ ರಬ್ಬರ್ ಥರದ ಭಾರದ ಹಾಳೆ ಇಳಿಬಿಡೋದು ಒಂದು. ಕಾರು ಮತ್ತೆ ಒಳಗೆ ಬರಬಹುದು ಅನ್ನೋದೊಂದೇ ಇದರ ಲಾಭ. ಪರದೆಯ ಅಂಚಿನಲ್ಲಿ ಸಂದು ಇದ್ದೇ ಇರುತ್ತೆ. ಹಾಡಿಕೆ, ವೀಣೆಯಂಥದ್ದನ್ನು ಹಗಲಲ್ಲಿ ಮಾತ್ರ ನುಡಿಸುವವರಿಗೆ ಹೇಗೋ ನಡೆಯುತ್ತೆ. ಬೇರೆಯವರಿಗೆ ನಾನು ಹೇಳೋದಿಲ್ಲ.

ಎರಡನೆಯದು ಜಿಪ್ಸಂ ಬೋರ್ಡಿನ ಜೋಡಿ ಗೋಡೆ. ಎರಡು ಸಾಲು ಲೋಹದ ಪಟ್ಟಿಯ ಚೌಕಟ್ಟು, ಒಂದಕ್ಕೊಂದು ತಾಗದ ಹಾಗೆ. ಮಧ್ಯೆ ಗ್ಲಾಸ್ ವುಲ್, ಅಂದರೆ ಗಾಜಿನ ನಾರಿನ ಹಾಸು. ಎರಡೂ ಹೊರಮೈಗೆ ಎರಡೆರಡು ಪದರ ಬೋರ್ಡು. ಚದರ ಮೀಟರಿಗೆ ಸುಮಾರು 40 ಕೆಜಿಯಷ್ಟೇ ತೂಗುವ ಈ ಗೋಡೆ ಇಟ್ಟಿಗೆ ಗೋಡೆಯ ಸಮಕ್ಕೆ ನಿಲ್ಲುತ್ತೆ, ನಡುವಿನ ಗಾಳಿಯ ದೆಸೆಯಿಂದ. ಬಾಡಿಗೆ ಮನೆಯವರಿಗೆ, ನಾಳೆ ಮನೆ ಮಾರುವವರಿಗೆ ಇದೇ ಸರಿ. ಬಿಚ್ಚಿದರೆ ಶಟರ್ ಹಾಗೇ ಇರುತ್ತೆ. ಬೇಸ್, ಅಂದರೆ ತಗ್ಗಿನ ಗುಂ ಅನ್ನೋ ಸದ್ದಿಗೆ ಮಾತ್ರ ಇದು ಗಾರೆ ಗೋಡೆಗಿಂತ ಸೋಲುತ್ತೆ. ಮಳೆ ನೀರು ಶಟರ್ ಕೆಳಗಿಂದ ನುಗ್ಗುವ ಮನೆಯಲ್ಲಿ ಬೋರ್ಡಿನ ಬುಡ ಬೂಷ್ಟು ಹಿಡಿಯುತ್ತೆ. ಮಲೆನಾಡು, ಕರಾವಳಿಯವರು ಯೋಚಿಸಿ ಹೆಜ್ಜೆ ಇಡಿ.

ಮೂರನೆಯದು ಶಟರಿನ ಹಿಂದೆ ಬ್ಲಾಕ್ ಗೋಡೆಯನ್ನೇ ಕಟ್ಟೋದು. ನಾನು ಮಾಡಿದ್ದು ಇದನ್ನು. ಇಲ್ಲಿ ಮೇಸ್ತ್ರಿ ಹತ್ತಿರ ಒಂದು ಜಗಳ ಗ್ಯಾರಂಟಿ. "ಎಎಸಿ ಬ್ಲಾಕ್ ಹಾಕೋಣ ಸಾರ್, ಹಗುರ, ಎರಡು ದಿನಕ್ಕೆ ಏರಿಸ್ತೀನಿ" ಅಂತಾರೆ. ಎಎಸಿ ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಸಿಮೆಂಟ್ ಬ್ಲಾಕ್. ಹಗುರ ಅನ್ನೋದೇ ಇಲ್ಲಿ ದೋಷ. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಚದರ ಮೀಟರಿಗೆ ಸುಮಾರು 300 ಕೆಜಿ ತೂಗುತ್ತೆ, ಎಎಸಿ 90ರ ಸುತ್ತಮುತ್ತ. ಬಿಸಿಲು ತಡೆಯೋಕೆ ಎಎಸಿ ಒಳ್ಳೆಯದು. ಸದ್ದು ತಡೆಯೋಕೆ ಸಾಲಿಡ್ ಬ್ಲಾಕೇ ಸೈ. ಹಾಲೋ ಬ್ಲಾಕ್ ಅಗ್ಗಕ್ಕೆ ಸಿಕ್ಕಿದರೆ ತೂತುಗಳಿಗೆ ಕಾಂಕ್ರೀಟ್ ತುಂಬಿಸಿ. ಬ್ಲಾಕ್ ಯಾವುದೇ ಆಗಲಿ, ಎರಡೂ ಕಡೆ ಪ್ಲಾಸ್ಟರ್ ಆಗಲೇಬೇಕು. ಗಾರೆ ಸರಿಯಾಗಿ ತುಂಬದ ಕೀಲುಗಳಲ್ಲೇ ಸದ್ದು ನುಸುಳುತ್ತೆ. ಗೋಡೆಯ ತಲೆ ಬೀಮಿಗೆ ಸೇರುವ ಜಾಗ ನೋಡಿಕೊಳ್ಳಿ. ಮೇಸ್ತ್ರಿಗಳು ಅಲ್ಲಿ ಬೆರಳಗಲ ಬಿಟ್ಟು, ಮೇಲೆ ಸಿಮೆಂಟ್ ಮೆತ್ತಿ ಹೊರಡುತ್ತಾರೆ.

ಒಂದು ಎಚ್ಚರಿಕೆ. ಹಿಂದೆ ಗೋಡೆ ಕಟ್ಟಿದ ಮೇಲೂ ಹಳೇ ಶಟರ್ ಬೇಸ್‌ಗೆ ಗಡಗಡ ಅನ್ನಬಹುದು. ನಮ್ಮದಂತೂ ಅಂದಿತು. ಪಕ್ಕದ ಪಟ್ಟಿಗೆ ರಬ್ಬರ್ ತುರುಕಿ ಸುಮ್ಮನಾಗಿಸಿದೆ.

ಬಾಗಿಲಿಗೆ ಹೊಸ್ತಿಲು

ಗೋಡೆ ಕಟ್ಟಿ ಅದಕ್ಕೆ ಸಾಮಾನ್ಯ ಬಾಗಿಲು ಇಟ್ಟರೆ ಮತ್ತೆ ಅದೇ ಕತೆ. 35 ಎಂಎಂ ಸಾಲಿಡ್ ಫ್ಲಶ್ ಡೋರ್, ಸುತ್ತ ರಬ್ಬರ್ ಗ್ಯಾಸ್ಕೆಟ್ ಇದ್ದರೂ, 30 ಡೆಸಿಬೆಲ್ ತಡೆದರೆ ದೊಡ್ಡದು. ಅದಕ್ಕೇ 'ಸೌಂಡ್‌ಪ್ರೂಫ್ ಡೋರ್' ಅಂತ ದುಬಾರಿ ಬಾಗಿಲು ಮಾರುತ್ತಾರೆ. ಅದೊಂದರ ಬದಲು ಎರಡು ಸಾದಾ ಬಾಗಿಲು, ಗೋಡೆಯ ಈ ಕಡೆ ಒಂದು, ಆ ಕಡೆ ಒಂದು ಇಟ್ಟರೆ ಕಮ್ಮಿ ಖರ್ಚಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಒಂದು ಒಳಕ್ಕೆ ತೆರೆಯಲಿ, ಇನ್ನೊಂದು ಹೊರಕ್ಕೆ.

ಬಾಗಿಲಿನ ಅಡಿ ಸಂದಿಗೆ ತಾನಾಗಿ ಇಳಿಯುವ ರಬ್ಬರ್ ಪಟ್ಟಿ ಸಿಗುತ್ತೆ. ನಮ್ಮಲ್ಲಿ ಇದಕ್ಕೆ ಹಳೇ ಉಪಾಯವೇ ಇದೆಯಲ್ಲ, ಹೊಸ್ತಿಲು. ಒಂದೂವರೆ ಇಂಚು ಎತ್ತರದ ಮರದ ಹೊಸ್ತಿಲು ಹಾಕಿಸಿ ಅದಕ್ಕೇ ಗ್ಯಾಸ್ಕೆಟ್ ಅಂಟಿಸಿದರೆ ಬಾಗಿಲು ನಾಲ್ಕೂ ಕಡೆ ಒತ್ತಿ ಕೂರುತ್ತೆ. ಈಗಿನ ಹೊಸ ಮನೆಗಳಲ್ಲಿ ಎಡವುತ್ತೆ ಅಂತ ಹೊಸ್ತಿಲು ತೆಗೆಸ್ತಾರೆ. ನಾನು ಹೊಸದಾಗಿ ಹಾಕಿಸಿದೆ, ಅಮ್ಮ ಅರಿಶಿನ ಕುಂಕುಮ ಇಟ್ಟು ಒಳಗೆ ಬಂದರು.

ಕಿಟಕಿ ಇದ್ದರೆ ಮುಚ್ಚಿಸಿಬಿಡಿ. ಬೆಳಕು ಬೇಕೇ ಬೇಕು ಅಂದರೆ 6 ಎಂಎಂ ಒಂದು, 10 ಎಂಎಂ ಒಂದು, ಹೀಗೆ ದಪ್ಪ ಬೇರೆಬೇರೆ ಇರುವ ಎರಡು ಗಾಜು, ನಡುವೆ ಆದಷ್ಟು ಜಾಗ. ಅವು ತೆರೆಯೋ ಹಾಗಿರಬಾರದು.

ತಾರಸಿಗೆ ಫಾಲ್ಸ್ ಸೀಲಿಂಗ್ ಬೇಕಾ?

ಅಮ್ಮನಿಗೆ ಮೇಲೆ ತೊಂದರೆಯಾಗುತ್ತೆ ಅಂತ ಜಿಪ್ಸಂ ಸೀಲಿಂಗ್ ಹಾಕಿಸೋಕೆ ಹೊರಟಿದ್ದೆ. ಅದಕ್ಕೆ ಮುಂಚೆ ಶಿಷ್ಯನಿಗೆ ಕೆಳಗೆ ಬಾರಿಸೋಕೆ ಹೇಳಿ, ಮೇಲೆ ಅವರ ರೂಮಿನಲ್ಲಿ ನೆಲಕ್ಕೆ ಕಿವಿ ಇಟ್ಟೆ. ಹೆಚ್ಚೇನೂ ಕೇಳಿಸಲಿಲ್ಲ. ಕಿಟಕಿ ಹತ್ತಿರ ಹೋದರೆ ಪೂರ್ತಿ ಪಾಠ! ಸದ್ದು ಶಟರಿನಿಂದ ಹೊರಗೆ ಹೋಗಿ ಕಿಟಕಿಯಿಂದ ಒಳಗೆ ಬರುತ್ತಿತ್ತು. 5 ಇಂಚಿನ ಆರ್‌ಸಿಸಿ ತಾರಸಿ ಚದರ ಮೀಟರಿಗೆ 300 ಕೆಜಿ, ಅದು ತನ್ನ ಕೆಲಸ ಮಾಡುತ್ತಲೇ ಇತ್ತು.

ಉಲ್ಟಾ ದಿಕ್ಕಿನದು ಬೇರೆ ಮಾತು. ಮೇಲಿನ ಅಡುಗೆಮನೆಯ ಗ್ರೈಂಡರ್ ರುಬ್ಬೋ ನಡುಕ ನನ್ನ ಮೈಕಿಗೆ ಸಲೀಸಾಗಿ ಇಳಿಯುತ್ತಿತ್ತು. ಅದಕ್ಕೂ ಸೀಲಿಂಗ್ ಬೇಕಾಗಲಿಲ್ಲ. ಗ್ರೈಂಡರ್ ಕೆಳಗೆ ದಪ್ಪ ರಬ್ಬರ್ ಹಾಸಿದೆವು, ರೆಕಾರ್ಡಿಂಗ್ ದಿನ ದೋಸೆಹಿಟ್ಟು ಬೆಳಿಗ್ಗೆಯೇ ರುಬ್ಬಿ ಮುಗಿಸೋದು ಅಂತಾಯ್ತು.

ಗಾರೆ ಗೋಡೆಗೆ ಅಥವಾ ತಾರಸಿಗೆ ತೆಳು ರೀಪು ಹೊಡೆದು ಒಂದು ಪದರ ಬೋರ್ಡ್ ಹಾಕಿಸಿಬಿಡೋಣ ಅನ್ನುವವರಿಗೆ ಒಂದು ಲೆಕ್ಕ. ನಡುವೆ 1 ಇಂಚು ಗಾಳಿ, ಒಂದು ಪದರ 12.5 ಎಂಎಂ ಬೋರ್ಡು: ಇದು ಸುಮಾರು 130 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 130 ಕಂಪನದ ಸ್ವರಕ್ಕೆ, ತಾನೇ ತಮಟೆಯ ಹಾಗೆ ಅನುರಣಿಸುತ್ತೆ. ಮೃದಂಗದ ಎಡಗಡೆಗೆ ರವೆ ಹಚ್ಚಿದಾಗ ಬರುವ ಗುಂ ಅನ್ನೋ ನಾದ ಹೆಚ್ಚುಕಮ್ಮಿ ಅದರ ಆಸುಪಾಸಿನದು. ಅಂದರೆ ದುಡ್ಡು ಕೊಟ್ಟು ಬೇಸ್ ಅನ್ನು ಮೊದಲಿಗಿಂತ ಜಾಸ್ತಿ ಹೊರಗೆ ಕಳಿಸಿದ ಹಾಗೆ. ಅದೇ 4 ಇಂಚು ಸಂದು, ಎರಡು ಪದರ ಬೋರ್ಡ್ ಆದರೆ ಈ ಅನುರಣನ 50 ಹರ್ಟ್ಸ್ ಕೆಳಗಿಳಿದು ತಂಟೆ ತಪ್ಪುತ್ತೆ. ಮಾಡಿದರೆ ಪೂರ್ತಿ ಮಾಡಿ, ಇಲ್ಲಾಂದ್ರೆ ಮುಟ್ಟಬೇಡಿ.

ಕೋಣೆಯೊಳಗೆ ಕೋಣೆ

ಪೂರ್ತಿ ಮಾಡೋದು ಅಂದರೆ ಇದೇ. ಹಳೇ ಶೆಡ್ಡಿಗೆ ಎಲ್ಲೂ ಬಿಗಿಯಾಗಿ ತಾಗದ ಇನ್ನೊಂದು ಪೆಟ್ಟಿಗೆಯನ್ನು ಒಳಗೆ ನಿಲ್ಲಿಸೋದು. ಗೋಡೆಯನ್ನೇ ದಪ್ಪ ಮಾಡಬಾರದಾ ಅಂತ ಕೇಳಬಹುದು. ತೂಕ ದುಪ್ಪಟ್ಟು ಮಾಡಿದರೆ ಸಿಗೋದು 5-6 ಡೆಸಿಬೆಲ್ ಅಷ್ಟೇ. 6 ಇಂಚಿನ ಗೋಡೆಯನ್ನು 12 ಮಾಡಿ ಬರೀ ಅಷ್ಟು ಗಳಿಸೋದು ಯಾವ ನ್ಯಾಯ? ಅದಕ್ಕಿಂತ ನಾಲ್ಕು ಇಂಚು ಗಾಳಿ ಬಿಟ್ಟು ಹಗುರವಾದ ಎರಡನೇ ಗೋಡೆ ಹೆಚ್ಚು ಕೊಡುತ್ತೆ.

ಸಾಮಾನಿನ ಲೆಕ್ಕ ಕೇಳಿ. ನಮ್ಮ ಅಳತೆಯ ಶೆಡ್ಡಿಗೆ ಗೋಡೆ 600, ಸೀಲಿಂಗ್ 200, ಒಟ್ಟು 800 ಚದರ ಅಡಿ. ಎರಡು ಪದರ ಅಂದರೆ 1600. 6 ಅಡಿಗೆ 4 ಅಡಿ ಬೋರ್ಡ್ 65ರ ಮೇಲೆ ಬೇಕು. ಸೀಲಿಂಗ್ ಒಂದೇ 300 ಕೆಜಿ ದಾಟುತ್ತೆ. ನಡುಮನೆಯ ಅಂದಕ್ಕೆ ಹಾಕುವ ಫಾಲ್ಸ್ ಸೀಲಿಂಗಿನ ತೆಳು ಪಟ್ಟಿ ಇದನ್ನು ಹೊರೋದಿಲ್ಲ. ರಬ್ಬರ್ ಇರುವ ಹ್ಯಾಂಗರ್‌ಗಳೇ ಬೇಕು, ಅವನ್ನು ತೂಕ ನೋಡಿ ಆರಿಸಬೇಕು. ಬರೀ ಅಂದದ ಸೀಲಿಂಗ್ ಮಾಡಿ ಅಭ್ಯಾಸ ಇರುವವರು ಎಲ್ಲೋ ಒಂದು ಉದ್ದ ಸ್ಕ್ರೂ ಹಾಕಿ ಒಳಪೆಟ್ಟಿಗೆಯನ್ನು ಹೊರಗೋಡೆಗೆ ಬಿಗಿದರೆ ಅಲ್ಲಿಗೆ ಮುಗಿಯಿತು, ಅಷ್ಟೂ ಖರ್ಚಿನ ಫಲ ಆ ಸ್ಕ್ರೂ ಮೂಲಕ ಸೋರಿಹೋಗುತ್ತೆ. 10 ಅಡಿ ಅಗಲ 9 ಅಡಿ 2 ಇಂಚಿಗೆ ಇಳಿಯುತ್ತೆ ಅನ್ನೋದೂ ನೆನಪಿರಲಿ.

ಇದು ಬೇಕಾಗೋದು ಡ್ರಮ್ಸ್, ಬೇಸ್ ಗಿಟಾರ್ ಆ್ಯಂಪ್ಲಿಫೈಯರ್, ಚೆಂಡೆಯವರಿಗೆ, ಅದೂ ರಾತ್ರಿ ಬಾರಿಸುವವರಿಗೆ. ತಂಗಿಯ ಮಗ ಬೆಂಗಳೂರಿನಲ್ಲಿ ಡ್ರಮ್ಸ್‌ಗೆ ಅಂತ ಇದನ್ನು ಕೇಳಿಕೊಂಡು ಬಂದಾಗ ನಾನು ಹೇಳಿದ್ದು, ದಿನದ ಸಾಧಕಕ್ಕೆ ಎಲೆಕ್ಟ್ರಾನಿಕ್ ಡ್ರಮ್ ತಗೋ, ಬ್ಯಾಂಡಿನ ಜತೆ ಬಾರಿಸೋಕೆ ಗಂಟೆ ಲೆಕ್ಕದಲ್ಲಿ ಜ್ಯಾಮ್ ರೂಮ್ ಹಿಡಿ ಅಂತ. ಎಲೆಕ್ಟ್ರಾನಿಕ್ ಆದರೂ ಪೆಡಲ್ ಗುದ್ದು ಇರುತ್ತೆ. ಎರಡು ಪ್ಲೈವುಡ್ ನಡುವೆ ಟೆನ್ನಿಸ್ ಬಾಲ್ ಇಟ್ಟು ಕಟ್ಟೆ ಮಾಡಿಕೊಂಡ. ಕೆಳಗಿನ ಮನೆಯವರು ಈಗ ಬಾಗಿಲು ಬಡಿಯುತ್ತಿಲ್ಲ.

ಉಸಿರಾಟ

ಗೋಡೆ, ಜೋಡಿ ಬಾಗಿಲು ಎಲ್ಲ ಆದ ಮೇಲೆ ನಾಲ್ಕು ಹುಡುಗರನ್ನು ಕೂರಿಸಿ ಪಾಠ ಶುರು ಮಾಡಿದೆ. ಅರ್ಧ ಗಂಟೆಗೆ ಒಬ್ಬ ಆಕಳಿಸಿದ. ಮುಕ್ಕಾಲು ಗಂಟೆಗೆ ನಾಲ್ವರೂ. ನನಗೂ ತಲೆನೋವು. ಎಸಿ ಓಡುತ್ತಿತ್ತು, ಕೋಣೆ ತಣ್ಣಗಿತ್ತು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರೋದಿಲ್ಲ, ಒಳಗಿದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತೆ. ಇದನ್ನು ಪ್ಲಾನ್ ಮಾಡುವಾಗ ನನಗೆ ಯಾರೂ ಹೇಳಿರಲಿಲ್ಲ.

ಎಕ್ಸಾಸ್ಟ್ ಫ್ಯಾನಿಗೆ ನೇರ ತೂತು ಹೊಡೆದರೆ ಶಟರ್ ಸಂದು ಮತ್ತೆ ತೆರೆದ ಹಾಗೆ. ಮಾಡಬೇಕಾದ್ದು ಪ್ಲೈವುಡ್ಡಿನ ಉದ್ದ ಪೆಟ್ಟಿಗೆ, ಒಳಮೈಗೆಲ್ಲ ಗ್ಲಾಸ್ ವುಲ್, ಗಾಳಿ ಮೂರ್ನಾಲ್ಕು ಸಲ ತಿರುಗಿಕೊಂಡು ಹೋಗೋ ಹಾಗೆ ಅಡ್ಡ ಹಲಗೆ. ಗಾಳಿ ತಿರುಗುತ್ತಾ ದಾಟುತ್ತೆ, ಸದ್ದು ತಿರುವಿನಲ್ಲಿ ಸಾಯುತ್ತೆ. ಇಂಥವು ಎರಡು ಬೇಕು, ಬರೋಕೆ ಒಂದು, ಹೋಗೋಕೆ ಒಂದು. ಒಂದರ ಹೊರತುದಿಗೆ ಚಿಕ್ಕ ಡಕ್ಟ್ ಫ್ಯಾನ್. ನಮ್ಮ ಬಡಗಿ ಎರಡು ದಿನದಲ್ಲಿ ಮಾಡಿದ. ಗೋಡೆ ಕಟ್ಟುವಾಗಲೇ ಜಾಗ ಬಿಟ್ಟಿದ್ದರೆ ಒಡೆಯೋ ಖರ್ಚು ಉಳಿಯುತ್ತಿತ್ತು. ಎಸಿ ಗಾಳಿ ಮೃದಂಗದ ಚರ್ಮಕ್ಕೆ ನೇರ ಬಡಿಯದ ಕಡೆ ಇಡಿ, ಶ್ರುತಿ ಏರಿಬಿಡುತ್ತೆ.

ಕೊನೆಗೆ, ಒಳಗಿನ ನಾದ

ಇನ್ನು ಗ್ಲಾಸ್ ವುಲ್, ಫೋಮ್‌ಗಳ ಸರದಿ. 1 ಇಂಚಿನ ಫೋಮ್ ಕೀಚಲು ಸದ್ದನ್ನಷ್ಟೇ ನುಂಗುತ್ತೆ, ಬೇಸ್ ಹಾಗೇ ಉಳಿಯುತ್ತೆ. ರೆಕಾರ್ಡ್ ಮಾಡಿ ಕೇಳಿದರೆ ಮಡಕೆಯೊಳಗೆ ಮಾತಾಡಿದ ಹಾಗಿರುತ್ತೆ. 2 ಇಂಚು ದಪ್ಪ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ಗ್ಲಾಸ್ ವುಲ್ ಅಥವಾ ರಾಕ್ ವುಲ್ ಅನ್ನು ಮರದ ಚೌಕಟ್ಟಿಗೆ ಹಾಕಿ, ಬಟ್ಟೆ ಬಿಗಿದು ತೂಗುಹಾಕೋದು ಅದಕ್ಕಿಂತ ಎಷ್ಟೋ ವಾಸಿ. ನಾರು ಚುಚ್ಚಿ ಮೈ ಕಡಿಯುತ್ತೆ, ತುಂಬುತೋಳು ಹಾಕಿಕೊಂಡೇ ಮುಟ್ಟಿ. ಬಜೆಟ್ ಇಲ್ಲದವರು ಹಳೇ ಹತ್ತಿ ಹಾಸಿಗೆಯನ್ನೇ ಗೋಡೆಗೆ ಒರಗಿಸಿ ನೋಡಿ.

ನಮ್ಮ ಶೆಡ್ಡಿನ ಅಳತೆಯಲ್ಲೇ ಒಂದು ಕಿರಿಕಿರಿ ಇತ್ತು. ಅಗಲ 10, ಎತ್ತರ 10, ಉದ್ದ ಸರಿಯಾಗಿ ದುಪ್ಪಟ್ಟು. 10 ಅಡಿಗೆ 56 ಹರ್ಟ್ಸ್ ಗುಂಯ್ ಅನ್ನುತ್ತೆ, 20 ಅಡಿಯ ಎರಡನೇ ಅನುರಣನವೂ 56ಕ್ಕೇ ಬಂದು ಕೂರುತ್ತೆ. ಮೂರೂ ಸೇರಿ ಒಂದೇ ಸ್ವರ ದಪ್ಪವಾಗಿ ಕೇಳುತ್ತೆ. ಹಿಂದಿನ ಗೋಡೆಗೆ ಒಂದೂವರೆ ಅಡಿ ಆಳದ ತಂಬೂರಿ ಕಪಾಟು ಮಾಡಿಸಿ, ಮೂಲೆಗಳಲ್ಲಿ 6 ಇಂಚು ದಪ್ಪದ ರಾಕ್ ವುಲ್ ನಿಲ್ಲಿಸಿದ ಮೇಲೆ ಹಿಡಿತಕ್ಕೆ ಬಂತು. ಎಲ್ಲಾ ಗೋಡೆಯನ್ನೂ ಮುಚ್ಚಬೇಡಿ. ನಾನು ಮೂರನೇ ಒಂದು ಭಾಗಕ್ಕೆ ನಿಲ್ಲಿಸಿದೆ. ಪೂರ್ತಿ ಸತ್ತ ಕೋಣೆಯಲ್ಲಿ ಹಾಡುವವರಿಗೆ ತಮ್ಮ ದನಿಯೇ ವಾಪಸ್ ಕೇಳೋದಿಲ್ಲ, ಕಿರುಚಿ ಕಿರುಚಿ ಗಂಟಲು ಕೆಡುತ್ತೆ.

ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗವನ್ನು ಬೇರೆಯದಕ್ಕೆ ಬಳಸಬಹುದಾ ಅಂತ ನಕ್ಷೆ ಮಂಜೂರು ಮಾಡಿದ ಕಚೇರಿಯಲ್ಲಿ ಗೋಡೆ ಎಬ್ಬಿಸೋ ಮುಂಚೆ ಕೇಳಿ. ಫೀಸು ತಗೊಂಡು ಪಾಠ ಮಾಡುವವರಂತೂ ಕೇಳಲೇಬೇಕು. ಮತ್ತೆ ಕಾರು ಎಲ್ಲಿ ನಿಲ್ಲಿಸ್ತೀರಿ ಅನ್ನೋದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿ. ನಮ್ಮದು ಈಗ ಅಜ್ಜಿಯ ಮನೆ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲುತ್ತೆ. ಕಾಗೆಗಳ ಕೃಪೆಯಿಂದ ವಾರಕ್ಕೆ ಎರಡು ಸಲ ತೊಳೆಯಬೇಕು.